ಮನೆಗೆ ಹೇಳುತ್ತೇನೆ ಎಂಬ ಬೆದರಿಕೆ

2025ರ ಸೆಪ್ಟೆಂಬರ್ 12ರ ಬೆಳಿಗ್ಗೆ ನಮ್ಮ ಬ್ರಹ್ಮಾವರ ತಾಲೂಕಿನ ಕೊಕ್ಕರ್ಣೆಯಲ್ಲಿ, ಕೆಲಸಕ್ಕೆ ಹೊರಟಿದ್ದ 24 ವರ್ಷದ ಯುವತಿಯೊಬ್ಬಳಿಗೆ ದಾರಿಯಲ್ಲೇ ಚೂರಿ ಇರಿತವಾಯಿತು. ಆಸ್ಪತ್ರೆಗೆ ಸೇರಿಸಿದರೂ ಆಕೆ ಉಳಿಯಲಿಲ್ಲ. ಇರಿದ ಆರೋಪ ಬಂದದ್ದು ನೆರೆಯಲ್ಲೇ ಬೆಳೆದ ಯುವಕನ ಮೇಲೆ. ಮದುವೆಗೆ ಒಪ್ಪಿಗೆ ಸಿಗಲಿಲ್ಲ ಎಂಬುದು ಸಿಟ್ಟಿಗೆ ಕಾರಣವೆಂದು ವರದಿಯಾಯಿತು. ನಂತರ ಅವನೂ ಶವವಾಗಿ ಪತ್ತೆಯಾದ.

ಹಿಂದಿನ ಒಂದೆರಡು ವರ್ಷಗಳನ್ನು ನೋಡಿದರೆ ಇದು ಒಂಟಿ ಪ್ರಕರಣವಲ್ಲ. 2023ರ ಆಗಸ್ಟ್ 24ರಂದು ಪುತ್ತೂರಿನಲ್ಲಿ 18ರ ಹರೆಯದ ಹುಡುಗಿಯೊಬ್ಬಳ ಕೊಲೆಯಾದದ್ದು ಮಹಿಳಾ ಪೊಲೀಸ್ ಠಾಣೆಯ ಸನಿಹದಲ್ಲೇ. 2024ರ ಮಾರ್ಚ್ 4ರಂದು ಕಡಬದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮೂವರು ವಿದ್ಯಾರ್ಥಿನಿಯರ ಮೇಲೆ ಆ್ಯಸಿಡ್ ಬಿತ್ತು. ಅವರಲ್ಲಿ ಒಬ್ಬಳು ಪ್ರೇಮವನ್ನು ಒಪ್ಪಲಿಲ್ಲ ಎಂಬ ಸಿಟ್ಟಿಗೆ ಪಕ್ಕದಲ್ಲಿ ಕೂತಿದ್ದ ಗೆಳತಿಯರೂ ಸುಟ್ಟುಕೊಂಡರು. ಅದೇ ವರ್ಷದ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿ, ಮೇ 15ರಂದು ಅದೇ ಊರಿನ ವೀರಾಪುರ ಓಣಿಯ ಮನೆಯೊಳಗೆ ಇನ್ನೊಬ್ಬ ಯುವತಿ ಪ್ರಾಣ ಕಳೆದುಕೊಂಡರು.

ಇಂಥ ಸುದ್ದಿ ಬಂದಾಗಲೆಲ್ಲ ಬಸ್ಸಿನಲ್ಲಿ, ಅಂಗಡಿ ಜಗಲಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹುಡುಗಿಯರು ಮನೆಯಲ್ಲಿ ಮೊದಲೇ ಹೇಳಬಾರದೇ? ಪ್ರಶ್ನೆ ಸಹಜವಾದದ್ದೇ. ಆದರೆ ಅದನ್ನು ನಾವು ಕೇಳುವುದು ಹುಡುಗಿಯರನ್ನು. ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಬೇರೆ: ಹೇಳಿದ್ದರೆ ಮನೆ ಏನು ಮಾಡುತ್ತಿತ್ತು? ಮೇಲೆ ಹೇಳಿದ ಪ್ರಕರಣಗಳೆಲ್ಲ ಪತ್ರಿಕೆಯ ಮುಖಪುಟಕ್ಕೆ ಬಂದವು. ಮುಖಪುಟಕ್ಕೆ ಬಾರದೆ ದಿನವೂ ನಡೆಯುವ ಹಿಂಸೆ ಇನ್ನೊಂದಿದೆ. ಹದಿನೈದು ಹದಿನಾರರ ಹುಡುಗಿ ತಾನೇ ಇಷ್ಟಪಟ್ಟ ಹುಡುಗನ ಕೈಯಲ್ಲಿ ನಲುಗುವುದು, ನಲುಗುತ್ತಿದ್ದರೂ ಬಾಯಿ ಬಿಡದಿರುವುದು. ಈ ಬರಹ ಅವಳ ಬಗ್ಗೆ, ಅವಳ ಬಾಯಿ ಕಟ್ಟಿಹಾಕಿರುವ ನಮ್ಮ ಬಗ್ಗೆ.

ಇದೇ ತಾಲೂಕಿನ ಸಾಸ್ತಾನದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಐರೋಡಿ, ಗುಂಡ್ಮಿ, ಪಾಂಡೇಶ್ವರ, ಕೋಡಿ ಯಾವ ಕಡೆಯವಳಾದರೂ ಆಗಲಿ. ಪ್ರಥಮ ಪಿಯು. ಅಪ್ಪ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲ್ ಕೆಲಸದಲ್ಲಿ, ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ. ಮನೆಯಲ್ಲಿ ಅಜ್ಜಿ. ಬೆಳಿಗ್ಗೆ ಹೆದ್ದಾರಿಗೆ ಬಂದು ಕುಂದಾಪುರಕ್ಕೋ ಬ್ರಹ್ಮಾವರಕ್ಕೋ ಬಸ್ ಹಿಡಿದರೆ ಮರಳುವುದು ಸಂಜೆ. ಕೊರೊನಾ ಕಾಲದ ಆನ್‌ಲೈನ್ ತರಗತಿಗೆಂದು ಮನೆಗೆ ಬಂದ ಸ್ಮಾರ್ಟ್‌ಫೋನ್ ಈಗ ಅವಳ ಕೈಯಲ್ಲಿದೆ. ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನ ಪರಿಚಯವಾಗುತ್ತದೆ. ಅವಳಿಗಿಂತ ಮೂರ್ನಾಲ್ಕು ವರ್ಷ ದೊಡ್ಡವನು, ಕೈಯಲ್ಲಿ ಬೈಕಿದೆ, ಸಣ್ಣದೊಂದು ಸಂಬಳವೂ ಇದೆ. ಅವನು ಅವಳ ಮಾತು ಕೇಳುತ್ತಾನೆ. ಉಂಡೆಯಾ, ಬಸ್ ಸಿಕ್ಕಿತಾ, ತಲೆನೋವು ಕಡಿಮೆಯಾಯಿತಾ ಎಂದು ವಿಚಾರಿಸುತ್ತಾನೆ. ಇಡೀ ದಿನ ಯಾರೂ ಕೇಳದ ಪ್ರಶ್ನೆಗಳನ್ನು ಒಬ್ಬ ಕೇಳಿದಾಗ ಹದಿನಾರರ ಮನಸ್ಸು ಅರಳುವುದು ತಪ್ಪಲ್ಲ. ಇಷ್ಟಪಟ್ಟದ್ದು ಅವಳ ಅಪರಾಧವಲ್ಲ ಎಂಬುದನ್ನು ಇಲ್ಲಿಯೇ ಖಚಿತಪಡಿಸಿಕೊಂಡು ಮುಂದೆ ಹೋಗೋಣ.

ಕೆಲವು ವಾರಗಳಲ್ಲಿ ವಿಚಾರಣೆಯ ದನಿ ಬದಲಾಗುತ್ತದೆ. ‘ನೀ ಎಲ್ಲ್ ಇದ್ದೆ? ಪಕ್ಕದಗೆ ಯಾರಿದ್ದ್ರ್?’ ಎಂಬ ಸಂದೇಶಕ್ಕೆ ಐದು ನಿಮಿಷದಲ್ಲಿ ಉತ್ತರ ಬರಬೇಕು. ಫೋಟೊ ತೆಗೆದು ಕಳಿಸಬೇಕು. ಲೊಕೇಷನ್ ಆನ್ ಇರಬೇಕು. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೊಡಬೇಕು, ಕೊಡದಿದ್ದರೆ ‘ನಂಬಿಕೆ ಇಲ್ಲವಾ?’ ಎಂಬ ಪ್ರಶ್ನೆ. ತರಗತಿಯ ಹುಡುಗರ ನಂಬರ್ ಅಳಿಸಬೇಕು. ಆಮೇಲೆ ಆಪ್ತ ಗೆಳತಿ ‘ಸರಿ ಇಲ್ಲ’. ಆಮೇಲೆ ಕಾಲೇಜಿನ ನೃತ್ಯ ಬೇಡ, ಪ್ರವಾಸ ಬೇಡ, ಆ ಚೂಡಿದಾರ ಬೇಡ. ಒಂದು ದಿನ ತೋಳು ಹಿಡಿದು ಜಗ್ಗುತ್ತಾನೆ. ಇನ್ನೊಂದು ದಿನ ಕೆನ್ನೆಗೆ ಹೊಡೆಯುತ್ತಾನೆ. ಮರುಕ್ಷಣವೇ ಅತ್ತು, ಕಾಲು ಹಿಡಿದು, ಚಾಕಲೇಟು ತಂದು ಕೊಟ್ಟು, ‘ನಿನ್ನ ಮೇಲಿನ ಪ್ರೀತಿಗೇ ಹೀಗಾಯ್ತು’ ಎನ್ನುತ್ತಾನೆ.

ನಮ್ಮ ಕಡಲ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದರ ರೀತಿ ಚೆನ್ನಾಗಿ ತಿಳಿದೀತು. ಬಲೆಯನ್ನು ಮೊದಲು ಬಹಳ ಅಗಲಕ್ಕೆ ಹರಡುತ್ತಾರೆ. ಒಳಗಿರುವ ಮೀನಿಗೆ ಈಜಾಡಲು ಇನ್ನೂ ಜಾಗವಿರುತ್ತದೆ. ಎಳೆತ ನಿಧಾನ, ಆದರೆ ನಿಲ್ಲುವುದಿಲ್ಲ. ಅಗಲ ಕುಗ್ಗಿದೆ ಎಂದು ಗೊತ್ತಾಗುವ ಹೊತ್ತಿಗೆ ದಂಡೆ ಹತ್ತಿರವಿರುತ್ತದೆ.

ಜಗತ್ತಿನ ಬೇರೆಡೆಗಳಲ್ಲಿ ಈ ನಡೆಯನ್ನು ನಾಲ್ಕು ದಶಕಗಳಿಂದ ಗಮನಿಸಿ ದಾಖಲಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಹಿಂಸೆಯ ಚಕ್ರವನ್ನು ವಿವರಿಸಿದರು: ಮೊದಲು ಬಿಗುವು ಏರುತ್ತದೆ, ಆಮೇಲೆ ಹೊಡೆತ ಬೀಳುತ್ತದೆ, ಆಮೇಲೆ ಕ್ಷಮೆ ಮತ್ತು ಮುದ್ದಿನ ಕಾಲ, ಮತ್ತೆ ಬಿಗುವು. ಆ ಮುದ್ದಿನ ಕಾಲವೇ ಹುಡುಗಿಯನ್ನು ಹಿಡಿದಿಡುವುದು. ‘ಇವನೇ ನಿಜವಾದ ಅವನು, ಹೊಡೆದವನು ಯಾರೋ ಬೇರೆ’ ಎಂದು ಅವಳು ನಂಬುತ್ತಾಳೆ. 1984ರಲ್ಲಿ ಮಿನೆಸೋಟ ರಾಜ್ಯದ ಡುಲುತ್ ಎಂಬ ಊರಿನಲ್ಲಿ, ಹೊಡೆತ ತಿಂದ ಹೆಂಗಸರನ್ನೇ ಮಾತಾಡಿಸಿ ಚಕ್ರದ ಆಕಾರದ ಒಂದು ಚಿತ್ರ ಬರೆದರು. ಚಕ್ರದ ಸುತ್ತ ಹೊಡೆತ ಬಡಿತ, ಕಡ್ಡಿಗಳಲ್ಲಿ ಬೆದರಿಕೆ, ಒಂಟಿಯಾಗಿಸುವುದು, ಹೀಯಾಳಿಕೆ, ಹಣದ ಹಿಡಿತ, ತಪ್ಪನ್ನು ಅವಳ ಮೇಲೇ ಹೊರಿಸುವುದು. ನಡುವೆ ಅಧಿಕಾರ ಮತ್ತು ಹತೋಟಿ. ಹೊಡೆತ ವಾರಕ್ಕೊಮ್ಮೆ ಬೀಳಬಹುದು, ಹತೋಟಿ ಮಾತ್ರ ಇಪ್ಪತ್ನಾಲ್ಕು ಗಂಟೆಯದು. ಇಂಗ್ಲೆಂಡು 2015ರ ಕಾನೂನಿನಲ್ಲಿ ಹೊಡೆತವೇ ಇಲ್ಲದ ಇಂಥ ಸತತ ಹತೋಟಿಯನ್ನೂ ಶಿಕ್ಷಾರ್ಹ ಅಪರಾಧವಾಗಿಸಿತು.

ಇದು ಹಿರಿಯರ ಲೋಕದ ಕಥೆ, ಮಕ್ಕಳಿಗೇಕೆ ಎನ್ನುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಂಗಾತಿಯ ಸಂಬಂಧದಲ್ಲಿದ್ದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 24ರಷ್ಟು, ಅಂದರೆ ಜಗತ್ತಿನಾದ್ಯಂತ ಸುಮಾರು 1.9 ಕೋಟಿ ಹುಡುಗಿಯರು, 20 ತುಂಬುವ ಮೊದಲೇ ಆ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ನಾಲ್ವರಲ್ಲಿ ಒಬ್ಬಳು. ನಮ್ಮ ರಾಜ್ಯದ ಮನೆಗಳ ಒಳಗಿನ ಚಿತ್ರವೂ ಸಮಾಧಾನ ಕೊಡುವಂಥದ್ದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಶೇ 44.4 ಆ ಐದನೇ ಸಮೀಕ್ಷೆಯಲ್ಲಿ ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣವಾಗಿತ್ತು. ಚಿಕ್ಕಮ್ಮನಿಗೆ ಪೆಟ್ಟು ಬಿದ್ದಾಗ ‘ಸ್ವಲ್ಪ ಸಹಿಸಿಕೊ, ಎಲ್ಲ ಸರಿಯಾಗುತ್ತದೆ’ ಎಂದು ಮನೆಮಂದಿ ಸಮಾಧಾನ ಹೇಳಿದ್ದನ್ನು ಕೇಳಿ ಬೆಳೆದ ಹುಡುಗಿ, ತನಗೆ ಪೆಟ್ಟು ಬಿದ್ದಾಗ ಅದೇ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಪಾಠ ಹೇಳಿಕೊಟ್ಟವರು ನಾವೇ.

ಈಗ ಆ ಮೂಲ ಪ್ರಶ್ನೆಗೆ ಬರೋಣ. ಅವಳು ಏಕೆ ಹೇಳುವುದಿಲ್ಲ?

ಅವಳು ಸಂಬಂಧ ಕಡಿದುಕೊಳ್ಳಲು ಹೊರಟಾಗ ಹುಡುಗ ಬಳಸುವ ಮೊದಲ ಅಸ್ತ್ರ ಚೂರಿಯಲ್ಲ. ‘ನಿನ್ ಮನಿಗ್ ಹೇಳ್ತೆ ಕಾಣ್’ ಎಂಬ ಒಂದು ಸಾಲು. ಜೊತೆಯಲ್ಲಿ ತೆಗೆದ ಫೋಟೊವನ್ನು ಅಪ್ಪನ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇನೆ, ಅಣ್ಣನಿಗೆ ತೋರಿಸುತ್ತೇನೆ, ಊರಿನ ಗ್ರೂಪಿಗೆ ಹಾಕುತ್ತೇನೆ. ಅವನು ಕೈಯೆತ್ತುವ ಮೊದಲು ಅವಳ ಮನೆಯನ್ನೇ ಎತ್ತಿಕೊಂಡು ಬಡಿಯುತ್ತಾನೆ. ಆ ಬೆದರಿಕೆಗೆ ಬಲ ಕೊಡುತ್ತಿರುವವರು ಯಾರು? ಮನೆಗೆ ಗೊತ್ತಾದರೆ ಏನಾಗುತ್ತದೆಂದು ಅವಳು ನೆರೆಮನೆಯಲ್ಲಿ, ಬಂಧುಗಳಲ್ಲಿ ಕಂಡಿದ್ದಾಳೆ. ಮೊದಲು ಫೋನ್ ಹೋಗುತ್ತದೆ. ಆಮೇಲೆ ಕಾಲೇಜು ಹೋಗುತ್ತದೆ. ಆಮೇಲೆ ದೂರದ ದೊಡ್ಡಮ್ಮನ ಮನೆಗೋ, ಹದಿನೆಂಟು ತುಂಬಿದ ಕೂಡಲೇ ಯಾವುದಾದರೂ ಗಂಡಿನ ಮನೆಗೋ ಅವಳ ರವಾನೆ. ‘ಊರವ್ರ್ ಎಂತ ಹೇಳುರ್’ ಎಂಬ ಮಾತಿನ ಮುಂದೆ ಅವಳ ತೋಳಿನ ಬಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾಗಿ ಅವನ ಪೆಟ್ಟು ಮತ್ತು ಮನೆಯ ಶಿಕ್ಷೆ ಎರಡನ್ನೂ ತೂಗಿ ನೋಡಿ, ಅವಳು ಪೆಟ್ಟನ್ನೇ ಆರಿಸಿಕೊಳ್ಳುತ್ತಾಳೆ. ಅವಳ ಲೆಕ್ಕದಲ್ಲಿ ಅದು ಮೂರ್ಖತನವಲ್ಲ. ಲೆಕ್ಕದ ಒಂದು ಬದಿಯ ಅಂಕಿ ಹಾಕಿದವರು ನಾವು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಭಯ ಕೂಡಿಕೊಂಡಿದೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಯುವತಿಯರನ್ನು ಎಳೆದಾಡಿ ಹೊಡೆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಒಟ್ಟಿಗೆ ಕೂತು ಐಸ್‌ಕ್ರೀಂ ತಿಂದ ಹುಡುಗ ಹುಡುಗಿಯರನ್ನು ಅಡ್ಡಹಾಕಿ ಹೆಸರು ಕೇಳುವ ಗುಂಪುಗಳು ಇಂದಿಗೂ ಇವೆ. ಸಂಸ್ಕೃತಿಯ ಹೆಸರಿನ ಈ ಕಾವಲಿನಿಂದ ಯಾವ ಹುಡುಗಿಯೂ ಸುರಕ್ಷಿತಳಾಗಿಲ್ಲ. ಆದದ್ದು ಇಷ್ಟೇ: ಗೆಳೆತನಗಳು ಬೆಳಕಿನಿಂದ ಮರೆಗೆ ಸರಿದವು. ಹತ್ತು ಜನರ ನಡುವೆ ಕೂತು ಮಾತಾಡಬಹುದಾಗಿದ್ದ ಜೋಡಿ ನಿರ್ಜನ ಜಾಗ ಹುಡುಕುತ್ತದೆ. ಅಲ್ಲಿ ಹುಡುಗ ಒಳ್ಳೆಯವನಾಗಿರದಿದ್ದರೆ ಅವಳ ಕೂಗು ಕೇಳುವವರಿಲ್ಲ. ಮತ್ತೂ ಒಂದು ಮಾತು. ಪ್ರತಿ ಕೊಲೆಯ ನಂತರ ನಾವು ಮೊದಲು ಹುಡುಕುವುದು ಕೊಂದವನ ಧರ್ಮವನ್ನು. ಅವನು ಬೇರೆ ಧರ್ಮದವನಾದರೆ ಬೀದಿಗಿಳಿಯುತ್ತೇವೆ, ನಮ್ಮವನೇ ಆದರೆ ‘ಪ್ರೇಮ ಪ್ರಕರಣ’ ಎಂದು ಮಡಚಿಡುತ್ತೇವೆ. ಮೇಲೆ ಹೇಳಿದ ಪ್ರಕರಣಗಳ ಆರೋಪಿಗಳು ಒಂದೇ ಜಾತಿಯವರಲ್ಲ, ಒಂದೇ ಧರ್ಮದವರಲ್ಲ. ‘ಇವಳು ನನ್ನವಳು, ಇಲ್ಲವೆನ್ನುವ ಹಕ್ಕು ಇವಳಿಗಿಲ್ಲ’ ಎಂಬ ನಂಬಿಕೆಯೊಂದೇ ಅವರೆಲ್ಲರಲ್ಲಿ ಸಮಾನವಾಗಿ ಕಾಣುವುದು.

ಪ್ರತಿಯೊಬ್ಬ ಸಿಡುಕ ಹುಡುಗನೂ ಕೊಲೆಗಾರನಾಗುವುದಿಲ್ಲ. ಆದರೆ ಕೆಲವು ಗುರುತುಗಳು ಕಂಡರೆ ಕಾಯುತ್ತ ಕೂರಬಾರದು. ಅವುಗಳಲ್ಲಿ ಮೊದಲನೆಯದು ಕುತ್ತಿಗೆಗೆ ಕೈ ಹಾಕುವುದು. ಹಿಂದೊಮ್ಮೆ ಸಂಗಾತಿ ಕತ್ತು ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗೂ ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ಕತ್ತಿನ ಮೇಲೆ ಗುರುತು ಬಿದ್ದಿರಲೇಬೇಕೆಂದಿಲ್ಲ. ಚಾಕು ಬ್ಲೇಡು ತೋರಿಸುವುದು, ‘ನನಗೆ ಸಿಗದವಳು ಯಾರಿಗೂ ಸಿಗಬಾರದು’ ಎನ್ನುವುದು, ನಂಬರ್ ಬ್ಲಾಕ್ ಮಾಡಿದ ಮೇಲೂ ಹೊಸ ಹೊಸ ನಂಬರಿನಿಂದ ಬರುವುದು, ಬಸ್ಸಿನ ಹಿಂದೆ ಬೈಕಿನಲ್ಲಿ ಹಿಂಬಾಲಿಸುವುದು, ಕೈ ಕುಯ್ದುಕೊಂಡ ಫೋಟೊ ಕಳಿಸುವುದು, ಇವೆಲ್ಲ ಅದೇ ಸಾಲಿನವು.

ಎಲ್ಲಕ್ಕಿಂತ ಅಪಾಯದ ಹೊತ್ತು ಅವಳು ಸಂಬಂಧ ಮುಗಿಸುವ ಹೊತ್ತು. ಹತೋಟಿ ಕೈಜಾರುತ್ತಿದೆ ಎಂದು ಅವನಿಗೆ ಅನ್ನಿಸುವುದು ಆಗಲೇ. ‘ಕೊನೆಯ ಸಲ ಒಮ್ಮೆ ಸಿಗು, ಆಮೇಲೆ ನಿನ್ನ ತಂಟೆಗೆ ಬರುವುದಿಲ್ಲ, ಫೋಟೊ ಎಲ್ಲ ನಿನ್ನೆದುರೇ ಅಳಿಸುತ್ತೇನೆ’ ಎಂಬ ಕರೆ ಆಗ ಬರುತ್ತದೆ. ಈ ಬರಹದಿಂದ ಹುಡುಗಿಯರು ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ: ಆ ಕೊನೆಯ ಭೇಟಿಗೆ ಒಂಟಿಯಾಗಿ ಹೋಗಬೇಡಿ. ಹೋಗಲೇಬೇಕಾಗಿಲ್ಲ. ಬೇಡ ಎಂದು ಹೇಳಲು ಒಂದು ಸಂದೇಶ ಸಾಕು. ಅವನು ಸಾಯುತ್ತೇನೆ ಎಂದರೆ ಅದನ್ನು ಹಗುರವಾಗಿ ಕಾಣಬೇಡಿ, ಆದರೆ ಅವನ ಜೀವದ ಹೊಣೆಯನ್ನು ನಿಮ್ಮ ತಲೆಯ ಮೇಲೆ ಹೊರಬೇಡಿ. ಅವನ ಮನೆಯವರಿಗೆ ತಿಳಿಸಿ, 112ಕ್ಕೆ ಹೇಳಿ. 14416 ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ. ಮನಸ್ಸು ಕುಸಿದವರಿಗೆ ಹಗಲು ರಾತ್ರಿ ಅಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಕಾನೂನು ಅವಳ ಪರವಾಗಿದೆ, ಆದರೆ ಅದರ ದಾರಿ ಅವಳಿಗೆ ಗೊತ್ತಿಲ್ಲ. 18 ತುಂಬದವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರ ಪೋಕ್ಸೊ ಕಾಯ್ದೆ ಇದೆ. ಲೈಂಗಿಕ ದುರುದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದೂ, ಫೋನಿನಲ್ಲಿ ಕಾಡುವುದೂ ಅದರಡಿ ಅಪರಾಧ. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು. ಅವಳು ನಂಬುವ ಹಿರಿಯರು ಜೊತೆಗಿರಬೇಕು. ರಾತ್ರಿ ಅವಳನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಅವಳ ಹೆಸರು, ಶಾಲೆ, ಫೋಟೊ ಎಲ್ಲೂ ಪ್ರಕಟವಾಗುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಬೇಡವೆಂದ ಮೇಲೂ ಹಿಂದೆ ಬೀಳುವುದು, ಇಂಟರ್‌ನೆಟ್ಟಿನಲ್ಲಿ ಅವಳ ಚಲನವಲನದ ಮೇಲೆ ಕಣ್ಣಿಡುವುದು ಶಿಕ್ಷಾರ್ಹ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಖಾಸಗಿ ಫೋಟೊ ತೆಗೆಯಲು ಅವಳು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ. ಅವಳಿಗೆ 18 ತುಂಬದಿದ್ದರೆ ಅಂಥ ಚಿತ್ರವನ್ನು ತೆಗೆಯುವುದೂ ಹಂಚುವುದೂ ಇನ್ನೂ ದೊಡ್ಡ ಅಪರಾಧ. ಸಾಸ್ತಾನದವರಿಗೆ ಕೋಟ ಠಾಣೆ ಹತ್ತಿರ. ಆದರೆ ಯಾವ ಠಾಣೆಗೆ ಹೋದರೂ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ದೂರು ನಿರಾಕರಿಸುವಂತಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಫೋಟೊ ಹರಡುವ ಭಯವಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ಸಂದೇಶಗಳನ್ನು ಅಳಿಸಬೇಡಿ. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಂಬುಗೆಯವರಿಗೆ ಕಳಿಸಿಡಿ. ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಸೈಬರ್ ಅಪರಾಧದ ಸಹಾಯವಾಣಿ 1930. 18ರ ಒಳಗಿನವರ ಖಾಸಗಿ ಚಿತ್ರಗಳನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ.

ಕಾನೂನಿನ ಒಂದು ತೊಡಕನ್ನೂ ಮುಚ್ಚಿಡದೆ ಹೇಳಬೇಕು. ಪೋಕ್ಸೊ ಪ್ರಕಾರ 18ರ ಒಳಗಿನ ಹುಡುಗಿಯ ಸಮ್ಮತಿಗೆ ಬೆಲೆಯಿಲ್ಲ. ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 6 ತಿಂಗಳವರೆಗೆ ಶಿಕ್ಷೆ. ಇದರಿಂದ ಹುಡುಗಿಯರು ಶಿಕ್ಷಕರ ಮುಂದೆ, ವೈದ್ಯರ ಮುಂದೆ ಬಾಯಿ ಬಿಡಲು ಇನ್ನಷ್ಟು ಹಿಂಜರಿಯುತ್ತಾರೆ. ಹದಿಹರೆಯದವರ ಒಪ್ಪಿತ ಪ್ರೇಮಗಳೂ ಅತ್ಯಾಚಾರದ ಪ್ರಕರಣಗಳಾಗುತ್ತಿರುವುದನ್ನು ಕಂಡು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ವಯೋಮಿತಿಯನ್ನು ಮರುಚಿಂತಿಸಲು ಕಾನೂನು ಆಯೋಗವನ್ನು ಕೇಳಿತ್ತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ಅರಿವು ಕೊಡಬೇಕೆಂದೂ ಹೇಳಿತು. ವಯಸ್ಸು ಇಳಿಸುವುದು ಬೇಡ ಎಂದು ಆಯೋಗ 2023ರಲ್ಲಿ ವರದಿ ಕೊಟ್ಟಿತು. ಆ ಚರ್ಚೆ ಮುಂದುವರಿಯಲಿ. ಆದರೆ ಪೋಷಕರು ಪೋಕ್ಸೊವನ್ನು ಮಗಳ ಪ್ರೇಮವನ್ನು ಮುರಿಯುವ ದೊಣ್ಣೆಯಾಗಿ ಬಳಸಿದಷ್ಟೂ, ನಿಜವಾಗಿ ಹಿಂಸೆ ಅನುಭವಿಸುತ್ತಿರುವ ಹುಡುಗಿ ಆ ಕಾನೂನಿನಿಂದ ದೂರ ಓಡುತ್ತಾಳೆ.

ಠಾಣೆಯಲ್ಲಿ ಹೇಳಿದರೂ ಕೇಳುವವರು ಬೇಕು. ಹುಬ್ಬಳ್ಳಿಯ ಆ ಎರಡನೇ ಪ್ರಕರಣದಲ್ಲಿ ಬೆದರಿಕೆಯ ವಿಷಯವನ್ನು ಅಜ್ಜಿ ಮೊದಲೇ ಪೊಲೀಸರಿಗೆ ತಿಳಿಸಿದ್ದರು ಎಂದು ಕುಟುಂಬ ಹೇಳಿತು. ಕೊಲೆಯ ನಂತರ ನಿರ್ಲಕ್ಷ್ಯದ ಆರೋಪದ ಮೇಲೆ ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. ಅಮಾನತಿನಿಂದ ಜೀವ ಮರಳುವುದಿಲ್ಲ. ಹಿಂಬಾಲಿಸುವಿಕೆಯ ದೂರನ್ನು ‘ಹುಡುಗರ ಹುಡುಗಾಟ’ ಎಂದು ಬದಿಗಿಡುವ ಪ್ರತಿ ಅಧಿಕಾರಿಗೂ ಆ ಪ್ರಕರಣ ಪಾಠವಾಗಬೇಕು.

ಹಾಗಾದರೆ ಮನೆಯವರು ಏನು ಮಾಡಬೇಕು? ಏನೂ ಆಗಿಲ್ಲದಿರುವಾಗಲೇ ಮಗಳಿಗೆ ಒಂದು ಭರವಸೆ ಕೊಡಬೇಕು. ‘ಎಂತದೇ ಆಯ್ಲಿ ಮಗಾ, ಮೊದ್ಲ್ ನಂಗ್ ಹೇಳ್. ನಾ ಬೈತಿಲ್ಲೆ, ಕಾಲೇಜ್ ಬಿಡ್ಸ್ತಿಲ್ಲೆ.’ ಇಷ್ಟೇ ಮಾತು. ಅಮ್ಮನಷ್ಟೇ ಅಲ್ಲ, ಅಪ್ಪನೂ ಹೇಳಬೇಕು. ಮುಂಬೈಯಿಂದ ಫೋನ್ ಮಾಡಿದಾಗ ಅಂಕ ಎಷ್ಟು ಎಂದು ಕೇಳುವ ಮೊದಲು ಹೇಳಬೇಕು. ಹೇಳಿದ ಮೇಲೆ ಉಳಿಸಿಕೊಳ್ಳಬೇಕು. ಮಗಳು ಬಾಯಿ ಬಿಟ್ಟ ದಿನ ಮೊದಲ ಹತ್ತು ನಿಮಿಷದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಮುಂದಿನದನ್ನೆಲ್ಲ ತೀರ್ಮಾನಿಸುತ್ತದೆ. ‘ನಿನಗೆ ಬುದ್ಧಿ ಇಲ್ಲವಾ’ ಎಂದರೆ ಬಾಗಿಲು ಮುಚ್ಚಿತು. ‘ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ’ ಎಂದರೆ ಅವಳು ಉಳಿದದ್ದನ್ನೂ ಹೇಳುತ್ತಾಳೆ. ಫೋನ್ ಕಸಿದುಕೊಳ್ಳಬೇಡಿ, ಸಾಕ್ಷ್ಯ ಅದರಲ್ಲೇ ಇದೆ. ಹುಡುಗನ ಮನೆಗೆ ಹತ್ತು ಜನ ಸೇರಿ ನುಗ್ಗಬೇಡಿ, ಪಂಚಾಯಿತಿ ಮಾಡಿ ಅವನಿಗೇ ಮದುವೆ ಮಾಡಿಕೊಡುವ ಮಾತು ಆಡಬೇಡಿ. ಮಗಳು ಬಸ್ಸಿಗೆ ಹೋಗಿ ಬರುವಾಗ ಕೆಲವು ದಿನ ಜೊತೆಗೊಬ್ಬರು ಇರಲಿ, ಕಾಲೇಜಿಗೆ ವಿಷಯ ತಿಳಿದಿರಲಿ, ದೂರು ಲಿಖಿತವಾಗಿರಲಿ.

ಗೆಳತಿಯರಿಗೂ ಒಂದು ಮಾತು. ನಿಮಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ, ಫೋನ್ ಸದ್ದಾದೊಡನೆ ಬೆಚ್ಚುವುದು, ಬಿಡುವಿನ ವೇಳೆಯಲ್ಲಿ ದೂರ ಸರಿಯುವುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಯಾರಿಗೂ ಹೇಳಬೇಡ ಎಂದು ಅವಳು ಆಣೆ ಹಾಕಿಸಿಕೊಂಡಿದ್ದರೂ ಜೀವದ ಪ್ರಶ್ನೆ ಬಂದಾಗ ಆಣೆ ಮುರಿಯಿರಿ. ನಂಬುವ ಒಬ್ಬ ಟೀಚರಿಗೆ ಹೇಳಿ. ಅವಳು ಮತ್ತೆ ಅವನ ಬಳಿಗೇ ಹೋದರೂ ಜೊತೆ ಬಿಡಬೇಡಿ. ಅವಳು ಒಂಟಿಯಾಗುವುದು ಅವನಿಗೆ ಬೇಕಾದದ್ದು.

ನಮ್ಮ ಶಾಲಾ ಕಾಲೇಜುಗಳು ಫಲಿತಾಂಶದಲ್ಲಿ ಮುಂದಿವೆ. 2025ರ ದ್ವಿತೀಯ ಪಿಯುನಲ್ಲಿ ಶೇ 93.90ರೊಂದಿಗೆ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು. ಮಕ್ಕಳ ಒಂದೊಂದು ಅಂಕದ ಲೆಕ್ಕ ಇಟ್ಟಿರುವ ನಾವು ಅವರ ಮನಸ್ಸಿಗೆ ವಾರಕ್ಕೊಂದು ಗಂಟೆ ಕೊಡಲಾರೆವೇ? ಇಷ್ಟ ಮತ್ತು ಹತೋಟಿಯ ವ್ಯತ್ಯಾಸ, ಬೇಡ ಎನ್ನುವುದು, ಬೇಡ ಎಂದಾಗ ಒಪ್ಪಿಕೊಳ್ಳುವುದು, ಇವನ್ನು ಹುಡುಗಿಯರಿಗೆ ಎಷ್ಟೋ ಹುಡುಗರಿಗೂ ಅಷ್ಟೇ ಕಲಿಸಬೇಕು. ಹಿಂದೆ ಬಿದ್ದು, ಕಾಡಿ, ಕೊನೆಗೆ ಒಪ್ಪಿಸುವ ನಾಯಕನನ್ನು ತೆರೆಯ ಮೇಲೆ ನೋಡಿ ಬೆಳೆದ ಹುಡುಗನಿಗೆ, ನಿರಾಕರಣೆ ಅವಮಾನವಲ್ಲ ಎಂದು ಯಾರಾದರೂ ಹೇಳಿಕೊಡಬೇಕಲ್ಲ. ಮನೆಯಲ್ಲಿ ತಂಗಿಯ ಫೋನ್ ಪರೀಕ್ಷಿಸುವ ಅಧಿಕಾರವನ್ನು ಅಣ್ಣನಿಗೆ ಕೊಟ್ಟಾಗಲೇ ಅವನಿಗೆ ನಾವು ಹತೋಟಿಯ ಮೊದಲ ಪಾಠ ಹೇಳಿದಂತಾಯಿತು.

ಮಕ್ಕಳ ಮಾತಿಗೆ ಕಿವಿಗೊಡುವುದು ಈ ಸೀಮೆಗೆ ಹೊಸತೇನಲ್ಲ. ಮಕ್ಕಳೇ ಸೇರಿ ತಮ್ಮ ಸಂಕಟಗಳನ್ನು ಹಿರಿಯರ ಮುಂದಿಡುವ ಮಕ್ಕಳ ಪಂಚಾಯಿತಿಗಳು 1990ರ ದಶಕದಲ್ಲಿ ರೂಪುಗೊಂಡದ್ದು ನೆರೆಯ ಕುಂದಾಪುರ ತಾಲೂಕಿನಲ್ಲಿ, ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಒತ್ತಾಸೆಯಿಂದ. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳೆಲ್ಲ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಶಾಲೆಯ ಶೌಚಾಲಯ, ಆಟದ ಮೈದಾನದ ಬೇಡಿಕೆಗಳ ಜೊತೆ ಬಸ್ ನಿಲ್ದಾಣದ ಕಿರುಕುಳ, ಫೋನಿನ ಬೆದರಿಕೆಯೂ ಚರ್ಚೆಗೆ ಬರಲಿ. ತುಂಬಿದ ಸಭೆಯಲ್ಲಿ ಹೇಳಲಾಗದವರಿಗೆ ಹೆಸರಿಲ್ಲದ ಚೀಟಿ ಹಾಕುವ ಪೆಟ್ಟಿಗೆ ಇರಲಿ. ಆ ಚೀಟಿಗಳನ್ನು ಓದಿ ಕ್ರಮ ಕೈಗೊಳ್ಳುವ ಜವಾಬ್ದಾರಿ ಒಬ್ಬರಿಗೆ ಇರಲಿ.

ಕೊನೆಗೆ, ಇದನ್ನು ಓದುತ್ತಿರುವ ಹುಡುಗಿಗೆ. ನೀನು ಪ್ರೀತಿಸಿದ್ದು ತಪ್ಪಲ್ಲ. ಫೋಟೊ ಕಳಿಸಿದ್ದರೂ, ಸುಳ್ಳು ಹೇಳಿ ಅವನ ಜೊತೆ ಹೋಗಿದ್ದರೂ, ಹೊಡೆತ ತಿಂದು ಮತ್ತೆ ಮಾತಾಡಿದ್ದರೂ, ಹೊಡೆಯುವ ಹಕ್ಕು ಅವನಿಗೆ ಬರುವುದಿಲ್ಲ. ಅಮ್ಮನಿಗೆ ಹೇಳಲು ಆಗದಿದ್ದರೆ ಅತ್ತೆಗೆ, ಅಕ್ಕನಿಗೆ, ಟೀಚರಿಗೆ, ಆಶಾ ಕಾರ್ಯಕರ್ತೆಗೆ ಹೇಳು. ಯಾರೂ ಇಲ್ಲವೆನಿಸಿದರೆ 1098ಕ್ಕೆ ಕರೆ ಮಾಡು, ಅದು ಮಕ್ಕಳ ಸಹಾಯವಾಣಿ, ಹಣ ಬೇಕಿಲ್ಲ. 18 ದಾಟಿದ್ದರೆ 181. ಅವನು ಈಗಲೇ ಬಾಗಿಲಲ್ಲಿ ನಿಂತಿದ್ದರೆ 112. ತಾಯಂದಿರೇ, ತಂದೆಯರೇ, ನಿಮ್ಮಲ್ಲಿ ಕೇಳುವುದು ಒಂದೇ: ಮಗಳು ಇವುಗಳಲ್ಲಿ ಯಾವ ನಂಬರನ್ನೂ ಒತ್ತುವ ಮೊದಲು ನಿಮ್ಮ ನಂಬರನ್ನೇ ಒತ್ತುವ ಹಾಗೆ ನಡೆದುಕೊಳ್ಳಿ, ಇವತ್ತಿನಿಂದಲೇ.